ಸಣ್ಣ ಕೊರಳಿನ ಹಕ್ಕಿಗಳು

ಸೂರಕ್ಕಿಯ ಕೊಕ್ಕು ತೆರೆದಿತ್ತು. ಬಟ್ಟೆ ಒಣಹಾಕುವ ತಂತಿಯ ಮೇಲೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಹೆಬ್ಬೆರಳಿನ ಗಾತ್ರದ ಆ ಹಕ್ಕಿ ಕುತ್ತಿಗೆ ಉಬ್ಬಿಸಿ, ಮೈಯೆಲ್ಲ ಅದುರಿಸುತ್ತ ಕೂಗುತ್ತಿತ್ತು. ಅಥವಾ ಕೂಗುವಂತೆ ಕಾಣುತ್ತಿತ್ತು. ಅವಳಿಗೆ ಏನೂ ಕೇಳಿಸಲಿಲ್ಲ. ಹಿತ್ತಲಿನ ಗೋಡೆಯಾಚೆ ಯಾರೋ ಸ್ಕೂಟರು ಒದೆಯುತ್ತಿದ್ದದ್ದು ಕೇಳಿಸಿತು, ಕಾಗೆ ಕೇಳಿಸಿತು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಗಾರ್ಡ್ ಸಾಹೇಬರು ಕಾಲು ಬದಲಿಸಿದಾಗ ಕುರ್ಚಿ ಕಿರುಗುಟ್ಟಿದ್ದೂ ಕೇಳಿಸಿತು. ಹಕ್ಕಿ ಮಾತ್ರ ಗಾಜಿನ ಹಿಂದೆ ಇಟ್ಟ ಹಾಗೆ ಬಾಯಿ ತೆರೆದು ಮುಚ್ಚುತ್ತಿತ್ತು. "ಅಗೋ ನೋಡಿ ಸಿಸ್ಟರ್, ಇಲ್ಲ ಇಲ್ಲ ಅಂತಿದ್ರಲ್ಲ, ನಿಮ್ಮ ತಲೆ ಮೇಲೇ ಕೂತು ಚೀರ್ತಿದೆ," ಎಂದರು ಗಾರ್ಡ್ ಸಾಹೇಬರು, ರೈಲಿನಲ್ಲಿ ದುಡಿದು ನಿವೃತ್ತರಾದ ಮೇಲೂ ಎಲ್ಲದಕ್ಕೂ ಕೈ ಎತ್ತಿ ತೋರಿಸುವ ಚಟ ಬಿಡದವರು. ಹಿಂದಿನ ಬೀದಿಯ ಟೈಲರಮ್ಮ ನಕ್ಕಳು. "ಎಷ್ಟು ಜೋರು ಅಂತೀನಿ! ಇಷ್ಟೇ ಇಷ್ಟು ಜೀವ, ಕಿವಿ ತೂತಾಗೋ ಹಾಗೆ!"

"ಹೂಂ, ಕೇಳ್ತಿದೆ," ಎಂದಳು ಅವಳು. ಸುಳ್ಳು ಅಷ್ಟು ಸಲೀಸಾಗಿ ಬಾಯಿಂದ ಜಾರಿತು.

ಅವರಿಬ್ಬರೂ ಬಂದದ್ದೇ ಅವಳ ಮಾತು ನಿಜವೋ ಅಲ್ಲವೋ ನೋಡಲು. ಬಡಾವಣೆಯಲ್ಲಿ ಹಿತ್ತಲ ಹಕ್ಕಿಗಳನ್ನು ಗಮನಿಸುವ ಹತ್ತಾರು ಮಂದಿಯ ಗುಂಪು ಅವರದು. ಬೆಳಗ್ಗೆ ಚಹಾ ಕುಡಿಯುತ್ತ ಯಾರ ಹಿತ್ತಲಲ್ಲಿ ಏನು ಕೂಗಿತು, ಏನು ಗೂಡು ಕಟ್ಟಿತು ಎಂದು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು, ಅಷ್ಟೆ. ಪಿಕಳಾರ, ಗೊರವಂಕಗಳಿಗೆ ಏನೂ ಆಗಿರಲಿಲ್ಲ. ಸಣ್ಣ ಕೊರಳಿನವು ಮಾತ್ರ, ಸೂರಕ್ಕಿ, ಬೆಳ್ಗಣ್ಣ, ಎಲೆಗಳ ನಡುವೆ ದಾರ ಎಳೆದಂತೆ ಕೂಗುವಂಥವು, ತನ್ನ ಹಿತ್ತಲಿಂದ ಮಾಯವಾಗುತ್ತಿವೆ ಎಂದು ಅವಳು ಕಳೆದ ಬೇಸಿಗೆಯಿಂದ ಹೇಳುತ್ತಲೇ ಬಂದಿದ್ದಳು. ಮೊದಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅವಳ ದನಿಯಲ್ಲಿದ್ದ ಭಯ ಬೇರೆಯವರಿಗೂ ಅಂಟಿತು. ಹೌದಲ್ಲ, ನಮ್ಮಲ್ಲೂ ಕಡಿಮೆಯೇ ಎಂದು ಒಬ್ಬಿಬ್ಬರು ಹೇಳತೊಡಗಿದರು. ಹಕ್ಕಿ ನೋಡುವವರಿಗೆ ಕಣ್ಣು ಆಮೇಲೆ. ಕಿವಿ ಎತ್ತ ಹೇಳುತ್ತದೋ ಕಣ್ಣು ಅತ್ತ ಹೋಗುತ್ತದೆ. ಈಗ ತಂತಿಯ ಮೇಲಿನ ಹಕ್ಕಿ ಹಾರಿಹೋದ ಮೇಲೆ ಅವಳು ಖಾಲಿ ತಂತಿ ಅಲ್ಲಾಡುವುದನ್ನೇ ನೋಡುತ್ತ ಕೂತಳು. ಅವರು ಹೊರಟಾಗ ಟೈಲರಮ್ಮ ಗೇಟಿನ ಬಳಿ ನಿಂತು ಏನೋ ಕೇಳಿದಳು. ಅವಳು ಏನೆಂದು ತಿಳಿಯದೆ "ಆಗಲಿ ಆಗಲಿ" ಎಂದಳು. ಟೈಲರಮ್ಮ ಒಂದು ಗಳಿಗೆ ವಿಚಿತ್ರವಾಗಿ ನೋಡಿ ಹೋದಳು. ಆಗಲಿ ಎಂದು ಉತ್ತರಿಸುವಂಥ ಪ್ರಶ್ನೆಯಲ್ಲವೇನೋ ಅದು.

ಒಳಗೆ ಗಂಡ ಮೇಜಿನ ಮೇಲೆ ಅಚ್ಚಿನ ಕರಡು ಹರಡಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದ. ಮೂವತ್ತು ವರ್ಷಗಳಿಂದ ಬೇರೆಯವರ ಅಕ್ಷರದ ತಪ್ಪು ಹುಡುಕಿಯೇ ಬದುಕಿದವನು, ಮಾತು ಕಡಿಮೆ. ಕಡಿಮೆಯಿತ್ತೋ, ಕಡಿಮೆಯಾಯಿತೋ? ಒಂದು ಕಾಲದಲ್ಲಿ ಊಟಕ್ಕೆ ಕೂತರೆ ಅಂದಂದಿನ ಅಚ್ಚಿನ ತಪ್ಪುಗಳನ್ನು ಹೇಳಿ ನಗಿಸುತ್ತಿದ್ದ. ಈಚೆಗೆ ಅವನು ಬಾಯಿ ತೆರೆದರೆ "ಬಾಯಲ್ಲೇನು ಇಟ್ಕೊಂಡಿದೀರ? ಬಿಡಿಸಿ ಹೇಳಬಾರದಾ?" ಎಂದು ಅವಳು ಗದರುತ್ತಿದ್ದಳು. ಹೋದ ವಾರ ಅತ್ತಿಗೆಯ ಎದುರಿಗೇ ಗದರಿದ್ದಳು. ಅವನು ತಟ್ಟೆ ನೋಡುತ್ತ ಸುಮ್ಮನಾಗಿದ್ದ. ಈಗ ಅವನ ಬೆನ್ನು ನೋಡುತ್ತ ನಿಂತಾಗ, ಅವನು ನಿಜಕ್ಕೂ ಗೊಣಗುತ್ತಿದ್ದನೇ ಎಂಬ ಪ್ರಶ್ನೆ ಎದ್ದಿತು. ಕೇಳಲಿಲ್ಲ. ಸಮವಸ್ತ್ರದ ಬಿಳಿ ಸೀರೆಗೆ ಪಿನ್ನು ಚುಚ್ಚಿಕೊಂಡು, ಚಪ್ಪಲಿ ಮೆಟ್ಟಿ, ಮಧ್ಯಾಹ್ನದ ಪಾಳಿಗೆ ಹೊರಟಳು.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅವಳು ತನ್ನನ್ನೇ ಪರೀಕ್ಷಿಸಿಕೊಂಡಳು. ಕಿವಿಯ ಬಳಿ ಬೀಗದ ಕೈಗೊಂಚಲು ಆಡಿಸಿದಳು. ಕೇಳಿಸಿತು, ಆದರೆ ಮರದ ಚೂರುಗಳನ್ನು ತಾಗಿಸಿದ ಹಾಗೆ, ಕಣಕಣವಿಲ್ಲದೆ. ಬೆರಳಿಗೆ ಬೆರಳು ಉಜ್ಜಿದಳು, ಇಲ್ಲ. ಎದುರು ಸೀಟಿನ ಹೆಂಗಸು ಇವಳನ್ನೇ ನೋಡುತ್ತಿದ್ದದ್ದು ಕಂಡು ಕೈ ಕೆಳಗಿಳಿಸಿದಳು. ಆಗ ಕನ್ನಡಕದಂಗಡಿಯವರ ನೆನಪು ಬಂತು, ಬೇಡವೆಂದರೂ ಬಂತು. ಪಕ್ಕದ ಮನೆಯವರು. ಗುಲಾಬಿಯ ಹುಚ್ಚು. ಬೇಲಿಗುಂಟ ಗುಲಾಬಿಯ ಸಾಲು, ಅದರ ಬುಡಕ್ಕೆ ಹೆಂಡತಿ ಮಾಡಿದ ಸೊಪ್ಪಿನ ಮಡಿ. ನೀವು ಗಿಡಕ್ಕೆ ಏನೋ ವಿಷ ಹೊಡೀತೀರಿ, ಅದಕ್ಕೇ ಹಕ್ಕಿ ಬರ್ತಿಲ್ಲ ಎಂದು ಅವಳು ನೇರ ಅಂಗಡಿಗೇ ಹೋಗಿ ಹೇಳಿದ್ದಳು. ಗಿರಾಕಿಯೊಬ್ಬ ಕಣ್ಣು ಪರೀಕ್ಷೆಯ ಕಬ್ಬಿಣದ ಚೌಕಟ್ಟನ್ನು ಮೂಗಿನ ಮೇಲಿಟ್ಟುಕೊಂಡು ಗೋಡೆಯ ಅಕ್ಷರಗಳನ್ನು ಓದುತ್ತಿದ್ದವನು ಓದುವುದನ್ನು ನಿಲ್ಲಿಸಿ ಆ ವೇಷದಲ್ಲೇ ತಿರುಗಿ ನೋಡಿದ್ದ. ಅವರು ಮೆತ್ತಗಿನ ಬಟ್ಟೆಯಲ್ಲಿ ಗಾಜು ಒರೆಸುತ್ತಲೇ "ನಾನು ಬರೀ ನೀರು ಹೊಡೆಯೋದು ಸಿಸ್ಟರ್" ಎಂದಿದ್ದರು. ಮುಖ ಕೆಂಪಾಗಿತ್ತು. ಇಷ್ಟು ವರ್ಷ ನೋಡಿದ ಮನುಷ್ಯ, ಅವಳ ಓದುವ ಕನ್ನಡಕವನ್ನು ಅವರೇ ಮಾಡಿಕೊಟ್ಟದ್ದು. ಅವರೇನೂ ಮಾಡಿರದಿದ್ದರೆ? ಹಕ್ಕಿಗಳೆಲ್ಲ ಅಲ್ಲೇ ಇದ್ದು, ಅವಳ ತಲೆಯ ಮೇಲೇ ಕೂತು ಚೀರುತ್ತಿದ್ದರೆ?

ಅಷ್ಟರಲ್ಲಿ ಬಸ್ಸು ಆಸ್ಪತ್ರೆಯ ತಿರುವಿಗೆ ಬಂತು, ಮತ್ತು ಬೆಳಗಿನಿಂದ ಅವಳು ಬಾಗಿಲು ಒತ್ತಿ ಹಿಡಿದಿದ್ದ ಇನ್ನೊಂದು ಯೋಚನೆ ಒಳಗೆ ನುಗ್ಗಿಬಿಟ್ಟಿತು.

ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಾರ್ಡು ಅವಳದು. ಅಲ್ಲಿ ಎಲ್ಲರೂ ಅವಳನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಗಾಜಿನ ಪೆಟ್ಟಿಗೆಗಳ ಸಾಲು, ಒಳಗೆ ಅಂಗೈಗಿಂತ ಸ್ವಲ್ಪ ದೊಡ್ಡ ಜೀವಗಳು, ಪ್ರತಿ ಪೆಟ್ಟಿಗೆಗೂ ಒಂದು ಮಾನಿಟರು. ಹಳೆಯ ಯಂತ್ರಗಳದ್ದು ಗೊಗ್ಗರು ದನಿ, ಹೊಡೆದುಕೊಂಡರೆ ಇಡೀ ಮಹಡಿ ಎದ್ದು ಕೂರುತ್ತಿತ್ತು. ವರ್ಷದ ಹಿಂದೆ ಹೊಸವು ಬಂದವು, ತೆಳ್ಳಗಿನ ಸಣ್ಣ ದನಿಯವು. "ವಾರ್ಡು ಈಗ ಎಷ್ಟು ಶಾಂತ," ಎಂದು ಅವಳೇ ಡಾಕ್ಟರಿಗೆ ಹೇಳಿ ಹೊಗಳಿದ್ದಳು. ಕೆಲವು ದಿನ ಜೊತೆಯ ಸಿಸ್ಟರು, ಇಬ್ಬರು ಮಕ್ಕಳ ತಾಯಿ, ದಪ್ಪಗಿನ ಮೈಯವಳು, ಕಾರಣವೇ ಇಲ್ಲದೆ ಕೈಲಿದ್ದದ್ದನ್ನು ಬಿಟ್ಟು ಓಡುತ್ತಿದ್ದಳು. "ಏನೇ ಅದು, ನೆಲ ನಡುಗಿಸ್ತೀಯ? ಸುಮ್ಸುಮ್ನೆ ಗಾಬರಿ ಬೀಳ್ತೀಯ," ಎಂದು ಅವಳು ಬೈದಿದ್ದಳು. ಬೈಸಿಕೊಂಡವಳು ಪೆಟ್ಟಿಗೆಯ ಬಳಿ ಗುಂಡಿಯೊಂದನ್ನು ಒತ್ತಿ ಬರುತ್ತಿದ್ದಳು. ಯಾವ ಗುಂಡಿ? ಸದ್ದು ನಿಲ್ಲಿಸುವ ಗುಂಡಿ. ಯಾವ ಸದ್ದು?

ಅವತ್ತಿನ ಪಾಳಿಯಲ್ಲಿ ಅವಳು ಕಣ್ಣಿನಿಂದ ಕೆಲಸ ಮಾಡಿದಳು. ಒಂದು ಕಡೆ ನಿಲ್ಲಲಿಲ್ಲ, ಕೂರಲಿಲ್ಲ. ಪೆಟ್ಟಿಗೆಯಿಂದ ಪೆಟ್ಟಿಗೆಗೆ, ಅಂಕಿಯಿಂದ ಅಂಕಿಗೆ, ಗಿರಗಿಟ್ಟಲೆಯ ಹಾಗೆ. ಹಸಿರು ದೀಪ, ಹಸಿರು ದೀಪ, ಹಸಿರು ದೀಪ. ಬೆನ್ನ ಹಿಂದೆ ಯಾವಾಗಲೂ ಕೆಲವು ಪೆಟ್ಟಿಗೆಗಳು ಉಳಿದುಬಿಡುತ್ತಿದ್ದವು. ಮನುಷ್ಯರಿಗೆ ಬೆನ್ನು ಎಂಬುದೊಂದು ಇದೆಯೆಂದು ಅವಳಿಗೆ ಅಂದೇ ಗೊತ್ತಾದಂತಿತ್ತು. ಇಷ್ಟು ದಿನ ಆ ಬೆನ್ನನ್ನು ಕಿವಿ ಕಾಯುತ್ತಿದೆಯೆಂದು ನಂಬಿ ಅವಳು ಔಷಧಿ ಅಳೆದಿದ್ದಳು, ಹರಟಿದ್ದಳು, ಕಿಟಕಿಯಾಚೆ ಮರ ನೋಡಿದ್ದಳು. ಜೊತೆಯ ಸಿಸ್ಟರು "ಅಕ್ಕಾ, ಚಹಾ ಕುಡೀರಿ ಬನ್ನಿ, ಮುಖ ಬಿಳಿಚಿಕೊಂಡಿದೆ" ಎಂದಳು. "ನೀನು ಹೋಗಿ ಬಾ," ಎಂದಳು ಇವಳು. ಹೇಳಿದ ಮೇಲೆ ಹೊಳೆಯಿತು, ಈಗ ತಾನೊಬ್ಬಳೇ. ವಾಪಸು ಕರೆಯಬಹುದಿತ್ತು. ಏನೆಂದು ಕರೆಯುವುದು?

ಕಿಟಕಿಯ ಪಕ್ಕದ ಪೆಟ್ಟಿಗೆಯ ಮಗುವಿನ ತಾಯಿ ಸ್ಟೂಲಿನ ಮೇಲೆ ಕೂತಿದ್ದಳು. ಅವಳಿಗೆ ಭಯ ತುಸು ಕಡಿಮೆಯಾಗಿ ಮಾತು ಬಂದಿತ್ತು. ಮಗುವಿನ ಮೂಗು ಅವರಪ್ಪನದೇ ಎಂದು ಹೇಳುತ್ತಿದ್ದಳು. ದೊಡ್ಡ ಸಿಸ್ಟರ್ ಹೂಂಗುಟ್ಟುತ್ತ ಕೈ ತೊಳೆಯಲು ತೊಟ್ಟಿಯ ಕಡೆ ತಿರುಗಿದಳು. ಮೊಣಕೈವರೆಗೆ ಸೋಪು ಹಚ್ಚಿ, ಬೆರಳ ಸಂದುಗಳನ್ನು ಉಜ್ಜಿ, ನೀರು ಬಿಟ್ಟಳು. ನೀರಿನ ಸದ್ದು ಚೆನ್ನಾಗಿ ಕೇಳಿಸಿತು. ಒರೆಸಿಕೊಳ್ಳುತ್ತ ತಿರುಗಿದಾಗ ಕಂಡದ್ದು ಕೆಂಪು ದೀಪ. ಬಡಿದುಕೊಳ್ಳುತ್ತಿತ್ತು. ಅದರ ಕೆಳಗೆ ಆಮ್ಲಜನಕದ ಅಂಕಿ ಇಳಿದಿತ್ತು, ಇನ್ನೂ ಇಳಿಯುತ್ತಿತ್ತು. ಮಗುವಿನ ತುಟಿಯ ಸುತ್ತ ಮಸಿ ಒರೆಸಿದ ಬಣ್ಣ, ಎದೆ ಅಲುಗುತ್ತಿರಲಿಲ್ಲ. ತಾಯಿ ನಗುಮುಖದಲ್ಲೇ ಕೂತಿದ್ದಳು.

ಅವಳು ಹಾರಿದಳೋ ನಡೆದಳೋ. ಕಿಂಡಿಯೊಳಗೆ ಕೈ ತೂರಿಸಿ ಪುಟ್ಟ ಅಂಗಾಲಿಗೆ ಬೆರಳಿನಿಂದ ತಟ್ಟಿದಳು, ಬೆನ್ನು ಉಜ್ಜಿದಳು, ಮತ್ತೆ ತಟ್ಟಿದಳು. ಏನಿಲ್ಲ. "ಉಸಿರಾಡೋ ನನ್ನಪ್ಪ, ಉಸಿರಾಡೋ," ಎಂದು ತಾನು ಗಟ್ಟಿಯಾಗಿ ಹೇಳುತ್ತಿದ್ದದ್ದು ಅವಳಿಗೆ ಗೊತ್ತಾಗಲಿಲ್ಲ. ಮಗು ಒಮ್ಮೆ ಬಿಕ್ಕಿತು, ಮುಷ್ಟಿ ಬಿಚ್ಚಿ ಮುಚ್ಚಿತು, ಎದೆ ಎದ್ದಿತು. ಮಸಿ ಬಣ್ಣ ನಿಧಾನಕ್ಕೆ ಹಿಂದೆ ಸರಿದು ತುಟಿ ಮತ್ತೆ ತುಟಿಯಾಯಿತು.

"ಎಷ್ಟು ಹೊತ್ತಿಂದ ಹೊಡ್ಕೊಳ್ತಿತ್ತು ಇದು?" ಎಂದು ಅವಳು ತಾಯಿಯನ್ನು ಕೇಳಿದಳು.

"ಆಗಿಂದ ಪಿಂಯ್ ಪಿಂಯ್ ಅಂತಿತ್ತು. ನೀವು ಆರಾಮಾಗಿ ಕೈ ತೊಳೀತಿದ್ರಲ್ಲ, ಏನೂ ಆಗಿಲ್ಲ ಅಂದ್ಕೊಂಡೆ." ಆಮೇಲೆ ಆ ಹೆಣ್ಣಿಗೆ ನಡೆದದ್ದು ಅರ್ಥವಾಗಿ, ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು, ಸಿಸ್ಟರಿನ ಒದ್ದೆ ಕೈ ಹಿಡಿದು ಹಣೆಗೆ ಒತ್ತಿಕೊಂಡಳು. "ನೀವಿದ್ರಿ ಅಂತ ಉಳೀತು. ನೀವಿದ್ರಿ ಅಂತ." ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಓಡಿ ಬಂದು ಬಾಗಿಲಲ್ಲಿ ನಿಂತಿದ್ದ ಜೊತೆಯ ಸಿಸ್ಟರಿನ ಮುಖ ನೋಡಿದಾಗ ಅವಳಿಗೆ ತಿಳಿಯಿತು. ಅದು ಈಗ ಗಾಬರಿಯಾದವಳ ಮುಖವಲ್ಲ, ಬಹಳ ದಿನದಿಂದ ಗಾಬರಿಯಾಗಿದ್ದವಳ ಮುಖ.

"ನಿನಗೆ ಗೊತ್ತಿತ್ತು," ಎಂದಳು, ಔಷಧಿ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು.

"ಅನುಮಾನ ಇತ್ತು ಅಕ್ಕ. ಅದಕ್ಕೇ ನಿಮ್ಮ ಪಾಳಿಗೇ ಹಾಕಿಸ್ಕೊಳ್ತಿದ್ದೆ."

"ಹೇಳಬಾರದಾಗಿತ್ತೇನೇ?"

"ಹೇಗೆ ಹೇಳ್ಲಿ? ಓಡಿದ್ರೇ ಬೈತಿದ್ರಿ." ಅವಳು ಕಣ್ಣೊರೆಸಿಕೊಂಡಳು. "ಇವತ್ತು ನಾನು ಚಹಾಕ್ಕೆ ಹೋಗಬಾರದಾಗಿತ್ತು."

ಆ ಮಾತನ್ನು ದೊಡ್ಡ ಸಿಸ್ಟರಿಗೆ ಸಹಿಸಲು ಆಗಲಿಲ್ಲ. ತನ್ನ ತಪ್ಪು ಇನ್ನೊಬ್ಬಳ ಹೆಗಲೇರಿ ಕೂರುತ್ತಿತ್ತು. ನೇರ ಡಾಕ್ಟರ ಕೋಣೆಗೆ ಹೋಗಿ, ಅವರು "ಭೇಷ್ ಸಿಸ್ಟರ್, ಕೇಳಿದೆ, ಮಗು ಉಳಿಸಿದ್ರಂತೆ" ಎಂದು ಎದ್ದು ನಿಂತಾಗ, "ನನಗೆ ಅಲಾರಂ ಕೇಳಿಸಲ್ಲ ಡಾಕ್ಟ್ರೇ. ನನ್ನ ಇಲ್ಲಿಂದ ತೆಗೀರಿ," ಎಂದಳು.

ಮರುದಿನ ಕಿವಿ ಪರೀಕ್ಷೆ. ಗೋಡೆಗೆಲ್ಲ ಮೆತ್ತೆ ಹೊಡೆದ ಗೂಡಿನಂಥ ಕೋಣೆ. ಗಾಜಿನಾಚೆ ಯಂತ್ರದ ಮುಂದೆ ಪರೀಕ್ಷೆಯವಳು. ಸದ್ದು ಕೇಳಿದರೆ ಗುಂಡಿ ಒತ್ತಬೇಕು. ಮೊದಲು ದಪ್ಪ ಸದ್ದುಗಳು ಬಂದವು, ಒತ್ತಿದಳು. ಆಮೇಲೆ ಏನೂ ಬರಲಿಲ್ಲ. ಆದರೆ ಗಾಜಿನಲ್ಲಿ ಪರೀಕ್ಷೆಯವಳ ಭುಜ ಸ್ವಲ್ಪವೇ ಅಲುಗುತ್ತಿತ್ತು, ಸದ್ದು ಬಿಟ್ಟಾಗಲೆಲ್ಲ. ಭುಜ ಅಲುಗಿದಾಗ ಒತ್ತಿದರೆ ಆಯಿತು. ಎರಡು ಸಲ ಒತ್ತಿಯೂ ಬಿಟ್ಟಳು. ಪಾಸಾಗಿ ವಾರ್ಡಿಗೆ ಹಿಂತಿರುಗಬಹುದು, ಬಿಳಿ ಸೀರೆ, ದೊಡ್ಡ ಸಿಸ್ಟರ್ ಎಂಬ ಹೆಸರು, ಎಲ್ಲ ಹಾಗೇ. ಮೂರನೆಯ ಸಲ ಭುಜ ಅಲುಗಿದಾಗ ಅವಳಿಗೆ ಆ ತಾಯಿಯ ನಗುಮುಖ ಕಂಡಿತು. ಅವಳು ಎದ್ದು, ಕುರ್ಚಿಯನ್ನು ಗಾಜಿಗೆ ಬೆನ್ನಾಗಿ ತಿರುಗಿಸಿ, ಗೋಡೆ ನೋಡುತ್ತ ಕೂತಳು. "ಮೊದಲಿಂದ ಮಾಡಿ," ಎಂದಳು. ಆಮೇಲೆ ಬಹಳ ಹೊತ್ತು ಗುಂಡಿಯ ಮೇಲೆ ಹೆಬ್ಬೆರಳು ಅಲುಗಲೇ ಇಲ್ಲ. ಅಷ್ಟು ಹೊತ್ತೂ ಲೋಕ ತನಗೆ ಏನೇನೋ ಹೇಳುತ್ತಿದೆಯೆಂದು ಗೊತ್ತಿದ್ದು ಗೋಡೆಯ ಮುಂದೆ ಕೂತಿರುವುದು ಎಂಥ ಹೆದರಿಕೆ ಎಂದು ಅವಳು ಯಾರಿಗೂ ಹೇಳಿ ತಿಳಿಸಲಾರಳು.

ಮೇಲಿನ ಸ್ವರಗಳು ಹೋಗಿವೆ, ಬಹಳ ಕಾಲದಿಂದಲೇ ಹೋಗುತ್ತಿದ್ದವು, ಕಿವಿಗೆ ಯಂತ್ರ ಹಾಕಿದರೆ ಮಾತಿಗೆ ಅನುಕೂಲ. ಮಾತಿನಲ್ಲೂ ಸ, ಶ ಅಂಥವು ಜಾರುತ್ತವೆ, ಎಂದಳು ಪರೀಕ್ಷೆಯವಳು. ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಅವಳ ಕಡೆಗೇ ಮುಖ ಮಾಡಿ, ಒಂದೊಂದೇ ಮಾತು ಬಿಡಿಸಿ, "ನಿನಗೆ ನನ್ನ ಮಾತೇ ಬೇಡವಾಗಿದೆ ಅಂದ್ಕೊಂಡಿದ್ದೆ," ಎಂದ. ಇದು ಪೂರ್ತಿ ಕೇಳಿಸಿತು. ಅವಳು ಅವನ ಭುಜಕ್ಕೆ ಹಣೆ ಇಟ್ಟಳು.

ಅದೇ ಸಂಜೆ ಗುಂಪಿಗೆ ಫೋನಿನಲ್ಲಿ ಬರೆದಳು: ನಮ್ಮ ಹಿತ್ತಲಿನ ಬಗ್ಗೆ ನಾನು ಹೇಳಿದ್ದನ್ನೆಲ್ಲ ಬಿಟ್ಟುಬಿಡಿ, ಹಕ್ಕಿ ಕಡಿಮೆಯಾಗಿಲ್ಲ, ನನ್ನ ಕಿವಿ ಕಡಿಮೆಯಾಗಿದೆ. ಪಾಪ ಎಂದವರು ಕೆಲವರು, ನಗುವ ಮುಖ ಕಳಿಸಿದವರು ಕೆಲವರು. ಗಾರ್ಡ್ ಸಾಹೇಬರು ಫೋನ್ ಮಾಡಿ, "ಅಬ್ಬಾ, ಬದುಕಿದ್ವು ಬಿಡಿ ಸಿಸ್ಟರ್, ನಾವೆಲ್ಲ ಸುಮ್ನೆ ಹೆದರಿದ್ವಿ," ಎಂದು ಕೂಗಿ ಹೇಳಿದರು. ಎಲ್ಲರಿಗೂ ಹಗುರವಾಗಿತ್ತು. ತಮ್ಮಲ್ಲೂ ಕಡಿಮೆ ಎಂದಿದ್ದ ಒಬ್ಬಿಬ್ಬರು, ಮಾತಿನ ಭರಕ್ಕೆ ಹಾಗನ್ನಿಸಿತ್ತು ಎಂದು ಹಿಂದೆ ಸರಿದರು. ಅವಳಿಗೆ ಮಾತ್ರ ಹಗುರವಾಗಲಿಲ್ಲ. ತಂತಿಯ ಮೇಲೆ ಕಂಡದ್ದು ಒಂದೇ ಒಂದು ಹಕ್ಕಿ. ಉಳಿದವು? ಆ ಪ್ರಶ್ನೆಯನ್ನು ಕೇಳುವ ಹಕ್ಕು ಈಗ ಅವಳಿಗಿರಲಿಲ್ಲ. ಒಂದು ಕೆಲಸ ಬಾಕಿಯಿತ್ತು, ಕನ್ನಡಕದಂಗಡಿಯವರ ಕ್ಷಮೆ ಕೇಳುವುದು. ಬೆಳಕು ಇನ್ನೂ ಇರುವಾಗಲೇ ಹೋದಳು.

ಅವರು ಗೇಟಿನ ಒಳಗೆ ಗುಲಾಬಿಯ ಒಣ ತಲೆಗಳನ್ನು ಕತ್ತರಿಸುತ್ತಿದ್ದರು. ಅವರ ಹೆಂಡತಿ ಅಡುಗೆಮನೆಯ ಬಾಗಿಲಿಂದಲೇ ಕಂಡು, "ಬನ್ನಿ ಸಿಸ್ಟರ್! ಹೋಗೋವಾಗ ಒಂದು ಕಟ್ಟು ಸೊಪ್ಪು ಕೊಡ್ತೀನಿ. ಇವರಂತೂ ಈಗೀಗ ಬಾಯಿಗೇ ಇಡಲ್ಲ, ನಾನೊಬ್ಬಳೇ ಎಷ್ಟು ತಿನ್ಲಿ?" ಎಂದು ಕೂಗಿ ಒಳಗೆ ಹೋದಳು. ಸಿಸ್ಟರ್ ಗೇಟಿನ ಹೊರಗೇ ನಿಂತು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಹೇಳಿದಳು. ತಪ್ಪು ನನ್ನದು, ನಾಲ್ಕು ಜನರ ಮುಂದೆ ನಿಮ್ಮ ಮರ್ಯಾದೆ ತೆಗೆದೆ, ಕೆಟ್ಟಿದ್ದು ನನ್ನ ಕಿವಿ, ಮನಸ್ಸಿನಲ್ಲಿ ಇಟ್ಕೋಬೇಡಿ. ಅವರು ಕತ್ತರಿ ಕೆಳಗಿಳಿಸಿದರು. ಇವಳ ಮುಖ ನೋಡಲಿಲ್ಲ. ಪರವಾಗಿಲ್ಲ ಎನ್ನುತ್ತಾರೆಂದು ಕಾದಳು. ತಲೆ ತಗ್ಗಿಸಿ, ಗಿಡಕ್ಕೆ ಹೇಳುವಂತೆ, ತೀರಾ ಮೆಲ್ಲಗೆ ಏನೋ ಹೇಳಿದರು. ಗಿಡಕ್ಕೆ ಮದ್ದು... ವಿಪರೀತ ಹಾಕಿಬಿಟ್ಟೆ... ಬೆಳಗ್ಗೆ ನೋಡಿದ್ರೆ ಬುಡದಲ್ಲೆಲ್ಲ ಹಕ್ಕಿ ಅತ್ತು ಬಿದ್ದಿದ್ವು... ಗುಂಡಿ ತೋಡಿ... ಮಣ್ಣು...

ಅತ್ತು ಬಿದ್ದಿದ್ವು. ಹಕ್ಕಿಗಳು ಅತ್ತವೇ? ಏನು ಜಾರಿಹೋಯಿತು, ಯಾವ ಅಕ್ಷರ, ಅವಳಿಗೆ ಗೊತ್ತಿತ್ತು, ಗೊತ್ತಿದ್ದೂ ಗೊತ್ತಿರಲಿಲ್ಲ. ಅವರು ಆಗಲೇ ಹೇಳಿ ಮುಗಿಸಿದವರ ಹಾಗೆ ಉಸಿರು ಬಿಟ್ಟಿದ್ದರು, ಭಾರ ಇಳಿಸಿದ್ದರು, ಕಿವಿ ಕೇಳದವಳ ಮುಂದೆ. ನಾಳೆ ಅವಳು ಹೋಗಿ ಯಾರಿಗೆ ಹೇಳಿದರೂ ಜನ ಪಾಪ ಎನ್ನುತ್ತಾರೆ, ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎನ್ನುತ್ತಾರೆ. ಅವಳ ಕಣ್ಣು ಗುಲಾಬಿಯ ಬುಡಕ್ಕೆ ಇಳಿಯಿತು, ಅಲ್ಲಿಂದ ಒತ್ತಾಗಿ ಬೆಳೆದ ಸೊಪ್ಪಿನ ಮಡಿಗೆ, ಆಗ ತಾನೇ ಕೊಯ್ದ ಹಸಿ ಬುಡಗಳಿಗೆ. ಸುಮ್ಮನೆ ಹೂಂ ಎಂದು ಹೊರಟುಬಿಡುವುದು ಸುಲಭವಿತ್ತು. ವರ್ಷವಿಡೀ ಅವಳು ಮಾಡಿದ್ದು ಅದನ್ನೇ.

"ನನಗೆ ಕೇಳಿಸಲಿಲ್ಲ," ಎಂದಳು. ದನಿ ಬೀದಿಯ ಕೊನೆಗೆ ಮುಟ್ಟುವಷ್ಟು ಜೋರಾಗಿತ್ತು. "ನನಗೆ ಕಿವಿ ಕೇಳಲ್ಲ. ಜೋರಾಗಿ ಹೇಳಿ."

ಅವರು ಬೆಚ್ಚಿ ಮನೆಯ ಕಡೆ ನೋಡಿದರು. ಬೀದಿಯಾಚೆ ಟೈಲರಮ್ಮ ಬಟ್ಟೆಯ ಗಂಟು ಹಿಡಿದು ನಿಂತುಬಿಟ್ಟಿದ್ದಳು. "ಮೆಲ್ಲಗೆ ಸಿಸ್ಟರ್..." ಎಂದು ಕೈ ಮಾಡಿದರು.

"ಮೆಲ್ಲಗೆ ಹೇಳಿದ್ರೆ ನನಗೆ ಗೊತ್ತಾಗಲ್ಲ. ಹಕ್ಕಿಗಳು ಏನಾಗಿದ್ವು?"

"ಸತ್ತಿದ್ವು!" ಎಂದರು ಅವರು. ತಡೆದಿಟ್ಟದ್ದು ಒಡೆದು ಬಂದಂತೆ, ಕಿರುಚಿದಂತೆ. "ಸತ್ತಿದ್ವು, ಸತ್ತಿದ್ವು, ಮೊರದ ತುಂಬ ಸತ್ತಿದ್ವು! ಸಾಕಾ?"

ಒಳಗೆ ನಲ್ಲಿ ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು, ಕೈಯಲ್ಲಿ ತೊಳೆದ ಸೊಪ್ಪಿನ ಕಟ್ಟು, ಮೆಟ್ಟಿಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. "ಏನ್ರೀ ಅದು? ಯಾರು ಸತ್ತಿದ್ದು?" ಅವರು ಹೆಂಡತಿಯ ಮುಖವನ್ನಲ್ಲ, ಸೊಪ್ಪು ಹಿಡಿದ ಆ ಕೈಯನ್ನೇ ನೋಡುತ್ತಿದ್ದರು. ಅವಳು ಗಂಡನನ್ನು ನೋಡಿದಳು, ಅವರ ನೋಟದಗುಂಟ ತನ್ನ ಕೈ ನೋಡಿಕೊಂಡಳು, ಏನೂ ತಿಳಿಯದೆ ನಕ್ಕಳು, ನಗು ಅರ್ಧಕ್ಕೇ ನಿಂತಿತು.

ಸಿಸ್ಟರ್ ಗೇಟು ತಳ್ಳಿ ಒಳಗೆ ಹೋದಳು. ಮೆಟ್ಟಿಲು ಹತ್ತಿ, ಆ ಒದ್ದೆ ಕೈಯಿಂದ ಸೊಪ್ಪಿನ ಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡು ನೆಲಕ್ಕೆ ಹಾಕಿದಳು. ಆಮೇಲೆ ಎಷ್ಟೋ ವರ್ಷಗಳಿಂದ ಎಷ್ಟೋ ತಾಯಂದಿರ ಮುಂದೆ ಕೂರುತ್ತಿದ್ದ ಹಾಗೆ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಎದುರಿಗೆ ಕೂತು, ಅವಳ ಎರಡೂ ಕೈ ಹಿಡಿದು, ಕಣ್ಣ ರೆಪ್ಪೆ ಎತ್ತಿ ನೋಡಿ, ನಾಡಿಗೆ ಬೆರಳಿಟ್ಟು ಕೇಳಿದಳು:

"ಯಾವಾಗಿಂದ ತಿಂತಿದೀರಿ?"